ಕಚ್ಚಾ ದನಿ

ಜ್ವರ ಬರಲಿಲ್ಲ. ಎದ್ದಾಗಿನಿಂದ ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡದ್ದೇ ಬಂತು. ಹಣೆ ಬೇರೆ ಯಾರದೋ ಹಣೆಯ ಹಾಗೆ ತಣ್ಣಗೆ, ನಿಶ್ಚಿಂತೆಯಿಂದಿತ್ತು. ರಜೆಯ ದಿನ ತಪ್ಪದೆ ಬಂದು ಮಲಗಿಸುವ ಜ್ವರ, ಬಾ ಎಂದು ಅಂಗಲಾಚಿದ ದಿನ ಕೈಕೊಡುವುದು ಯಾವ ನಿಯಮದ ಪ್ರಕಾರವೋ, ಎಂ.ಎಸ್ಸಿ. ಭೌತಶಾಸ್ತ್ರದಲ್ಲಿ ಅವನಿಗೆ ಕಲಿಸಿರಲಿಲ್ಲ. ಕಲಿಸಿದ ದಿನ ಅವನು ಹಿಂದಿನ ಬೆಂಚಿನಲ್ಲಿ ಕೂತು ಮೇಷ್ಟ್ರ ಕತ್ತನ್ನು ಉದ್ದಕ್ಕೆ ಎಳೆದು ಚಿತ್ರ ಬರೆಯುತ್ತಿದ್ದಿರಲೂಬಹುದು.

"ಎಷ್ಟು ಸಲ ಮುಟ್ಕೋತೀರ? ಏನೂ ಇಲ್ಲ, ಹೊರಡಿ," ಎಂದಳು ಹೆಂಡತಿ. "ನಿಮ್ಮ ಮೇಷ್ಟ್ರು ಸ್ಟುಡಿಯೋಗೆ ಬರ್ತಾರೆ ಅಂತ ತಾನೆ ಈ ನಾಟಕ? ಬರ್ಲಿ ಬಿಡಿ. ಅವರೇನು ನಿಮ್ಮನ್ನ ತಿಂದ್‌ಬಿಡ್ತಾರಾ?"

"ತಿನ್ನಲ್ಲ ಕಣೆ. ಕೇಳ್ತಾರೆ."

"ಏನು ಕೇಳ್ತಾರೆ?"

"ಅವರದೇ ದನೀನ. ಒಂಟೆ ಬಾಯಲ್ಲಿ."

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡು ಅಡುಗೆಮನೆಗೆ ಹೋದಳು, ಅಲ್ಲಿ ನಕ್ಕಳು. ನಗಿಸುವುದೇ ಹೊಟ್ಟೆಪಾಡಾದವನಿಗೆ ಸ್ವಂತ ಮನೆಯಲ್ಲಿ ಇಷ್ಟು ಸಲೀಸಾಗಿ ನಗು ಹುಟ್ಟಿದ್ದಕ್ಕೆ ಖುಷಿಯಾಗಬೇಕಿತ್ತು. ಶೂ ಹಾಕಿಕೊಳ್ಳುತ್ತ, ಲೇಸು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತ, ಆದಷ್ಟು ಹೊತ್ತು ಬಗ್ಗಿಕೊಂಡೇ ಇದ್ದ.

ಅವನು ಕಾರ್ಟೂನ್ ಧಾರಾವಾಹಿಗೆ ನಗೆಮಾತು ಬರೆಯುವವನು. ವಿಶ್ವದ ಆಕಾರ ಕಂಡುಹಿಡಿದೇ ತೀರುತ್ತೇನೆಂದು ಹೊರಟವನು ಪ್ರಾಣಿಗಳ ಕಾಲೇಜೊಂದರ ಸಂಭಾಷಣೆ ಬರೆಯುವಲ್ಲಿಗೆ ಬಂದು ತಲುಪಿದ್ದನ್ನು ಅಧಃಪತನ ಎನ್ನಬಹುದಿತ್ತು, ಆದರೆ ಬೀಳುವಷ್ಟು ಎತ್ತರಕ್ಕೆ ಅವನು ಯಾವತ್ತೂ ಏರಿರಲಿಲ್ಲ. ಆ ಕಾಲೇಜಿನಲ್ಲಿ ವಿಜ್ಞಾನ ಹೇಳುವ ಒಂಟೆಯೊಂದಿದೆ. ಕನ್ನಡಕ, ಬಾಯಲ್ಲಿ ಏನೂ ಇಲ್ಲದಿದ್ದರೂ ಆಡುತ್ತಲೇ ಇರುವ ದವಡೆ, ಪ್ರಶ್ನೆ ಕೇಳಿದವನನ್ನು ಮೂಗಿನ ತುದಿಯಿಂದ ನೋಡುವ ಚಾಳಿ. ಪ್ರತಿ ಪಾಠದ ಕೊನೆಗೆ ಅದು "ಹ್ಞಂ" ಎಂದು ಗಂಟಲು ಸರಿಮಾಡಿಕೊಂಡು, "ತಿಳೀತಾ? ತಿಳೀಲಿಲ್ಲ. ಸಂತೋಷ, ಮುಂದಕ್ಕೆ ಹೋಗೋಣ" ಎನ್ನುತ್ತದೆ. ಇದನ್ನೀಗ ಬಸ್ಸಿನಲ್ಲಿ ಹೇಳುತ್ತಾರೆ, ಬ್ಯಾಂಕಿನಲ್ಲಿ ಹೇಳುತ್ತಾರೆ. ಹಲ್ಲಿನ ಡಾಕ್ಟರೊಬ್ಬರು ಅವನ ದವಡೆಹಲ್ಲು ಕೀಳುವ ಮುಂಚೆ ಅವನಿಗೇ ಹೇಳಿ, ತಾವೇ ನಕ್ಕು, ಆಮೇಲೆ ಕಿತ್ತರು. ಬಾಯಿ ತುಂಬ ಹತ್ತಿ ಇದ್ದುದರಿಂದ ಆ ಮಾತು ಎಲ್ಲಿಂದ ಬಂತೆಂದು ಅವನಿಗೆ ಹೇಳಲಾಗಲಿಲ್ಲ. ಹತ್ತಿ ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ಮಾತು ಮೇಷ್ಟ್ರದು. "ಹ್ಞಂ" ಕೂಡ ಮೇಷ್ಟ್ರದೇ. ಒಂಟೆಯದು ಅಂತ ಇರುವುದು ಡುಬ್ಬ ಒಂದೇ.

ದನಿಯ ವಿಷಯದಲ್ಲಿ ಮಾತ್ರ ಅವನು ತನ್ನ ತಪ್ಪಿಲ್ಲವೆಂದು ವಾದಿಸಬಲ್ಲ. ಕಾರ್ಟೂನಿನಲ್ಲಿ ದನಿ ಮೊದಲು, ತುಟಿ ಆಮೇಲೆ. ಬರೆದವನೇ ಮೈಕಿನ ಮುಂದೆ ಎಲ್ಲ ಪಾತ್ರವನ್ನೂ ಒಮ್ಮೆ ಓದಿಬಿಡುತ್ತಾನೆ. ಆ ಓದಿಗೆ ತಕ್ಕಂತೆ ಚಿತ್ರಗಾರರು ಪ್ರಾಣಿಗಳ ತುಟಿ ಅಲ್ಲಾಡಿಸುತ್ತಾರೆ. ಕೊನೆಗೆ ನಿಜವಾದ ನಟರು ಬಂದು ಅದರ ಮೇಲೆ ತಮ್ಮ ದನಿ ಕೂರಿಸುತ್ತಾರೆ. ಮೊದಲಿನದಕ್ಕೆ ಸ್ಟುಡಿಯೋದಲ್ಲಿ ಕಚ್ಚಾ ದನಿ ಅಂತ ಹೆಸರು, ಕೆಲಸ ಮುಗಿದ ಮೇಲೆ ಅಳಿಸಿಹಾಕುವಂಥದ್ದು. ಒಂಟೆಗೆ ದೊಡ್ಡ ನಟರೊಬ್ಬರು ಬಂದರು, ಬಿಸಿನೀರು ಕುಡಿದರು, ಮೂರು ತರಹ ಹೇಳಿದರು. ಮೂರೂ ಸಲ ದೊಡ್ಡ ನಟರ ಹಾಗೇ ಕೇಳಿಸಿತು. "ವಿಜ್ಞಾನಿಗಳೇ, ನಿಮ್ಮ ಕಚ್ಚಾನೇ ಇರ್ಲಿ," ಎಂದುಬಿಟ್ಟ ಡೈರೆಕ್ಟರ್. ಅವನಿಗಿಂತ ಚಿಕ್ಕವನು ಈ ಡೈರೆಕ್ಟರ್. ಅವನನ್ನು ವಿಜ್ಞಾನಿಗಳೇ ಎಂದು ಕರೆಯುವುದರಲ್ಲಿ ಗೌರವ ಎಷ್ಟು, ಕಿಚಾಯಿಸುವುದು ಎಷ್ಟು ಎಂಬುದನ್ನು ಅವನು ಇನ್ನೂ ಅಳೆದಿಲ್ಲ. ಹೀಗಾಗಿ ಹೆಸರುಗಳ ಪಟ್ಟಿಯಲ್ಲಿ "ಒಂಟೆಯ ಪಾತ್ರದಲ್ಲಿ: ಒಂಟೆ" ಎಂದು ಬರುತ್ತದೆ. ಅದನ್ನು ಬರೆದವನೂ ಅವನೇ. ಹಳೆಯ ಸಹಪಾಠಿಗಳು ಮಾತ್ರ ಗುರುತು ಹಿಡಿದು ಫೋನ್ ಮಾಡಿ ಬಿದ್ದು ಬಿದ್ದು ನಕ್ಕು, ಮೇಷ್ಟ್ರ ಮನೇಲಿ ಟಿವಿ ಇಲ್ಲ ಬಿಡೋ ಎಂದು ಧೈರ್ಯ ಹೇಳಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅದೂ ಅಪಶಕುನದ ಹಾಗೆ ಕಂಡಿತು. ಎಲ್ಲಕ್ಕೂ ಕಾರಣ ಒಂದು ಸದ್ದು. ಹಿಂದಿನ ಕಂತಿನಲ್ಲಿ ಬಾಹ್ಯಾಕಾಶದಲ್ಲಿ ರಾಕೆಟ್ಟು ಢಮ್ ಎಂದು ಸಿಡಿದಿತ್ತು. ಗಾಳಿ ಇಲ್ಲದ ಕಡೆ ಢಮ್ ಹೇಗೆ ಬಂತು ಎಂದು ನೋಡುಗರು ಚಾನೆಲ್ಲಿಗೆ ದೂರು ಕೊಟ್ಟರು. ರಾಕೆಟ್ಟನ್ನು ಓಡಿಸುತ್ತಿದ್ದದ್ದು ಟೈ ಕಟ್ಟಿದ ಮುಳ್ಳುಹಂದಿ, ಅದಕ್ಕೆ ಯಾರದೂ ತಕರಾರಿಲ್ಲ. ಮುಂದಿನ ಕಂತು ವಿಶ್ವದ ಆಕಾರದ ಮೇಲೆ ಅಂತ ಗೊತ್ತಾದದ್ದೇ ತಡ, ನಿಜವಾದ ವಿಜ್ಞಾನಿಯೊಬ್ಬರು ನೋಡಿ ಸರಿ ಅನ್ನದ ಹೊರತು ಪ್ರಸಾರವಿಲ್ಲ ಎಂದಿತು ಚಾನೆಲ್. ಡೈರೆಕ್ಟರ್ ಉತ್ಸಾಹದಿಂದ ಅವನ ಹಳೆಯ ಕಾಲೇಜಿಗೇ ಫೋನ್ ಮಾಡಿ, ವಿಶ್ವದ ಆಕಾರಕ್ಕೆ ಅಲ್ಲಿ ಒಬ್ಬರೇ ಅಂತೆ, ನಿವೃತ್ತರಂತೆ, ಒಪ್ಪಿಬಿಟ್ಟರಂತೆ ಎಂದು ಬಂದು ಹೇಳಿದಾಗ ಅವನ ಕೈಯ ಲೋಟದಿಂದ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತ್ತು. ನಕಲಿಗೆ ಅಸಲಿಯಿಂದಲೇ ಮುದ್ರೆ ಒತ್ತಿಸಿಕೊಳ್ಳಲು ಹೊರಟ ಕಂಪನಿ ಜಗತ್ತಿನಲ್ಲಿ ಇದೊಂದೇ ಇರಬೇಕು. ವಿಶ್ವ ಹಿಗ್ಗುತ್ತಾ ಇದ್ದರೆ ಯಾವುದರ ಒಳಗೆ ಹಿಗ್ಗುತ್ತೆ ಸಾರ್, ಎಂದು ಆ ಕಾಲದಲ್ಲಿ ಒಂದು ದಿನ ಮೇಷ್ಟ್ರ ತರಗತಿಯಲ್ಲಿ ಅವನು ಎದ್ದು ನಿಂತು ಕೇಳಿದ್ದ. ಒಳ್ಳೆಯ ಪ್ರಶ್ನೆ ಎಂದು ಹಿಂದಿನ ರಾತ್ರಿಯೆಲ್ಲ ಎದೆಯಲ್ಲಿಟ್ಟುಕೊಂಡು ಬಂದಿದ್ದ. ಮೇಷ್ಟ್ರು ದವಡೆ ಆಡಿಸಿದರು. ಹ್ಞಂ. "ನಿನ್ನ ತಲೆಯೊಳಗೆ ಕಣಯ್ಯ. ಅಲ್ಲಿ ಬೇಕಾದಷ್ಟು ಖಾಲಿ ಜಾಗ ಇದೆ." ತರಗತಿ ಗೊಳ್ಳೆಂದಿತು. ಆ ನಗು ಅವನ ಕಿವಿಯ ತುದಿಯವರೆಗೆ ಬಿಸಿಯಾಗಿ ಏರಿದ್ದು ಈಗಲೂ, ಬಸ್ಸಿನ ಕಿಟಕಿಯ ಗಾಳಿಯಲ್ಲೂ ಏರುತ್ತದೆ. ಸಂಜೆ ಹಾಸ್ಟೆಲಿನಲ್ಲಿ ಅವನು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ ತೋರಿಸಿದ. ಅದಕ್ಕಿಂತ ಜೋರು ನಗು ಬಂತು. ಹೀಗೆ ಒಂದೇ ದಿನದಲ್ಲಿ ಅವಮಾನವೂ ಆಯಿತು, ಕಸುಬೂ ಸಿಕ್ಕಿತು. ಆ ಸಾಲನ್ನು ಮೊದಲ ಕಂತಿನಲ್ಲೇ ಒಂಟೆಗೆ ಕೊಟ್ಟ. ಅವನ ಹೆಸರಿನಲ್ಲಿ ಓಡಾಡುವ ಒಳ್ಳೆಯ ನಗೆಮಾತುಗಳಲ್ಲಿ ಮೇಷ್ಟ್ರದಲ್ಲದ್ದು ಯಾವುದು ಎಂದು ಹುಡುಕಿದರೆ ಬರಿ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿಬೀಳುವವು ಉಳಿಯುತ್ತವೆ. ಆದರೂ ಜಗತ್ತಿನಲ್ಲಿ ಒಬ್ಬರು ತನಗೆ ಶಹಬ್ಬಾಸ್ ಎನ್ನಬೇಕು ಅಂತ ಅವನಿಗೆ ಆಸೆ ಇದ್ದರೆ ಅದು ಅವರೊಬ್ಬರೇ. ಇದನ್ನು ಅವನು ಹೆಂಡತಿಗೂ ಹೇಳಿಲ್ಲ. ಅವರಿಗೆ ಇವತ್ತು ದನಿಯ ಗುರುತು ಸಿಕ್ಕಿಬಿಟ್ಟರೆ, ಹೊಗಳಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ.

ಮೂರನೆಯ ಮಹಡಿಯಲ್ಲಿ ಸೌಂಡಕ್ಕ ಒಬ್ಬಳೇ ಇದ್ದಳು. ಶಬ್ದದ ವಿಭಾಗವನ್ನು ನೋಡಿಕೊಳ್ಳುವವಳು; ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ.

"ಅಕ್ಕಾ, ಇವತ್ತೊಂದು ದಿನ ಒಂಟೆಗೆ ಆ ನಟರ ದನಿ ಹಾಕ್ತೀಯಾ? ಈ ಕಂತಿಗೂ ಅವರತ್ರ ಓದಿಸಿ ಇಟ್ಕೊಂಡಿದೀವಲ್ಲ, ಅದು."

"ಆ ಬಿಸಿನೀರಿನವರದಾ? ಥೂ, ಯಾಕೆ?"

"ಸುಮ್ನೆ. ಬರೋರು ನನ್ನ ಮೇಷ್ಟ್ರು. ನನ್ನ ದನಿ ಕೇಳಿದ್ರೆ ನಂಗೇ ಒಂಥರಾ."

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಅವನನ್ನೇ ನೋಡಿದಳು. ದನಿ ಕೇಳಿ ಮನುಷ್ಯ ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಅನ್ನುವುದು ಅವಳಿಗೆ ಗೊತ್ತಾಗುತ್ತದೆ, ಆದರೆ ಅವಳು ಬಾಯಿಬಿಡುವವಳಲ್ಲ. "ಆಯ್ತು, ಹಾಕ್ತೀನಿ," ಎಂದಳು. ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಇಷ್ಟು ಸುಲಭವಾಗಿ ಇಳಿಯುವ ಕಲ್ಲನ್ನು ಬೆಳಗಿನಿಂದ ಹೊತ್ತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮೇಷ್ಟ್ರು ಬಂದರು. ಮೊದಲು ಬಾಗಿಲಿನಿಂದ ಕತ್ತು ಬಂತು, ಯಾವಾಗಿನಂತೆ. ಆಮೇಲೆ ಮೈ, ಅದರ ಹಿಂದೆ ಅವರ ಹೆಂಡತಿ. ಕತ್ತಿಗೆ ತೆಳ್ಳನೆಯ ಬಿಳಿ ಬಟ್ಟೆ ಸುತ್ತಿತ್ತು. ಅವನು ಕೈಮುಗಿದು, ಸಾರ್, ನಾನು ಸಾರ್ ಎಂದು ಹೆಸರು ಹೇಳುವಷ್ಟರಲ್ಲಿ ಅವರು ತಲೆ ಆಡಿಸಿ, ಚೀಲದಿಂದ ಪುಟ್ಟದೊಂದು ಬಿಳಿ ಬೋರ್ಡು ತೆಗೆದು, ಪೆನ್ನಿನಿಂದ ಬರೆದು ತೋರಿಸಿದರು: ಹಿಂದಿನ ಬೆಂಚು.

"ಗಂಟಲಿನ ಆಪರೇಷನ್ ಆಯ್ತು ಕಣಪ್ಪ, ಹೋದ ವರ್ಷ," ಎಂದರು ಅವರ ಹೆಂಡತಿ, ಮಳೆ ಬಂತು ಕಣಪ್ಪ ಎನ್ನುವಷ್ಟು ಸಾದಾ ದನಿಯಲ್ಲಿ. "ಬೇರು ಸಮೇತ ತೆಗೆದ್‌ಬಿಟ್ರು. ಜೀವ ಉಳೀತು, ಮಾತು ಹೋಯ್ತು. ಬೋರ್ಡು ಹೇಗೂ ಅಭ್ಯಾಸ ಇತ್ತಲ್ಲ."

ಅಯ್ಯೋ, ಎಂದಿತು ಅವನ ಬಾಯಿ, ಎಲ್ಲರ ಬಾಯಿ ಎನ್ನುವ ಹಾಗೆ. ಆದರೆ ಬಾಯಿಗಿಂತ ಮೊದಲು, ಕಣ್ಣು ಮಿಟುಕಿಸುವಷ್ಟು ಮೊದಲು, ಹೊಟ್ಟೆಯೊಳಗೆ ಸದ್ಯ ಬೈಯಲಾರರು ಎಂಬ ನೆಮ್ಮದಿಯೊಂದು ಹಾದುಹೋದದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಥತ್, ನಾಯಿಜನ್ಮ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಡೈರೆಕ್ಟರ್ ಬಂದು ದೊಡ್ಡದಾಗಿ ಕೈಮುಗಿದು, ಮೇಷ್ಟ್ರು ಕಿವುಡರೇನೋ ಎಂಬಂತೆ ಗಟ್ಟಿಯಾಗಿ ಕೂಗಿ ಸ್ವಾಗತ ಮಾಡಿದ. ಬೋರ್ಡಿನ ಮೇಲೆ, ಕಿವಿ ಇದೆ, ಎಂದು ಬಂತು.

ಪರದೆಯ ಮೇಲೆ ಪ್ರಾಣಿಗಳು ಜಗಳಕ್ಕೆ ನಿಂತವು. ವಿಶ್ವ ಗುಂಡಗಿದೆ, ಎಂದಿತು ಮುದುಡಿಕೊಂಡ ಮುಳ್ಳುಹಂದಿ. ಸುರುಳಿ ಸುರುಳಿ, ಎಂದಿತು ಬಸವನಹುಳು. ಅಳೆದು ನೋಡಿದೀನಿ, ಚಪ್ಪಟೆ ಇದೆ, ಎಂದು ತಳದಲ್ಲಿ ಬಿದ್ದಿದ್ದ ಚಪ್ಪಟೆ ಮೀನು ಪಿಸುಗುಟ್ಟಿತು. ಅದು ಹೇಳಿದ್ದೇ ಸರಿ, ಆದ್ದರಿಂದ ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಒಂಟೆ ಎದ್ದಿತು. ವಿಶ್ವ ಕುದುರೆಯ ಜೀನಿನ ಹಾಗೆ ಬಾಗಿದೆ, ನನ್ನ ಬೆನ್ನು ನೋಡಿ ಕಲಿಯಿರಿ, ಎಂದು ತನ್ನ ಡುಬ್ಬದ ಮೇಲೆ ಸೀಮೆಸುಣ್ಣದಿಂದ ತ್ರಿಕೋನ ಎಳೆಯಿತು. ಮೂರೂ ಕೋನ ಕೂಡಿಸಿದರೆ ನೂರಾ ಎಂಬತ್ತು ಡಿಗ್ರಿಗೆ ಸ್ವಲ್ಪ ಕಡಿಮೆ. ಉಳಿದದ್ದು ಎಲ್ಲಿ ಹೋಯ್ತು ಸಾರ್, ಎಂದಿತು ಮೀನು. "ಡುಬ್ಬದೊಳಗೆ ಇಟ್ಟಿದೀನಿ. ಬೇಸಿಗೇಲಿ ಬೇಕಾಗುತ್ತೆ." ಈ ಸಾಲು ಅವನದೇ, ಸ್ವಂತದ್ದು, ಎಷ್ಟೋ ತಿಂಗಳಲ್ಲಿ ಹುಟ್ಟಿದ ಒಂದು ಸ್ವಂತದ ಸಾಲು. ಬಿಸಿನೀರಿನ ನಟರು ಅದನ್ನು ದೊರೆ ಆಸ್ಥಾನದಲ್ಲಿ ಹೇಳುವ ಹಾಗೆ ಹೇಳಿದರು. ಯಾರೂ ನಗಲಿಲ್ಲ. ಅವನು ಕತ್ತಲಲ್ಲಿ ಮೇಷ್ಟ್ರ ಮುಖ ನೋಡಿದ, ದವಡೆ ಆಡುತ್ತಿತ್ತು. ಗುರುತು ಸಿಕ್ಕಿಲ್ಲ, ಗೆದ್ದೆ ಅಂದುಕೊಂಡ.

ದೀಪ ಹತ್ತಿತು. ಮೇಷ್ಟ್ರು ಬರೆದರು, ಒರೆಸಿದರು, ಒಂದು ಸಣ್ಣ ಒಂಟೆಯನ್ನೇ ಬರೆದು ಪಕ್ಕದಲ್ಲಿ ಸೇರಿಸಿದರು: ಡುಬ್ಬದ ಮೇಲೆ ತ್ರಿಕೋನ ಎಳೆದರೆ ಕೋನ ಜಾಸ್ತಿಯಾಗುತ್ತದೆ, ಕಡಿಮೆಯಲ್ಲ. ಅದು ಗುಂಡಗಿರುವ ಕಡೆ. ಜೀನಿನ ಬಾಗು ಇರುವುದು ಕತ್ತಿಗೂ ಡುಬ್ಬಕ್ಕೂ ನಡುವೆ. ಅಲ್ಲಿ ಎಳಿ. ಅಷ್ಟೇ. ಡೈರೆಕ್ಟರ್ ಅವನ ಕಡೆ ತಿರುಗಿ, "ಏನ್ರೀ ವಿಜ್ಞಾನಿಗಳೇ?" ಎಂದ. ಇಂಗು ತಿಂದ ಮಂಗನ ಹಾಗೆ ಅವನು ಸೌಂಡಕ್ಕನ ಕಡೆ ನೋಡಿದ, ಅವಳು ವೈರು ಸುತ್ತುತ್ತಿದ್ದಳು. ಇದು ಎರಡನೆಯ ವರ್ಷದ ಪಾಠ. ಆ ದಿನ ಅವನು ಪಾಠ ಹೇಳುವವರ ಕತ್ತನ್ನು ನೋಡುತ್ತಿದ್ದ, ಬೋರ್ಡನ್ನಲ್ಲ. ಆದರೂ ಪರವಾಗಿಲ್ಲ, ಇದು ಕೂದಲಷ್ಟು ಗಾಯ, ಇಷ್ಟಕ್ಕೇ ಮುಗಿಯಿತಲ್ಲ, ಎಂದು ಅವನು ಏಳಲು ಹೊರಟಾಗ ಮೇಷ್ಟ್ರ ಮನೆಯ ಅಮ್ಮ ಕೇಳಿದರು.

"ಯಾಕಪ್ಪ, ಒಂಟೆ ದನಿ ಬದಲಾಯಿಸಿಬಿಟ್ರಾ?"

ಡೈರೆಕ್ಟರ್ ಸೌಂಡಕ್ಕನ ಕಡೆ ನೋಡಿದ.

"ಟಿವಿಲಿ ಬರೋದು ಇದಲ್ಲ," ಎಂದರು ಅಮ್ಮ. "ದಿನಾ ಕೇಳ್ತೀವಲ್ಲ. ಆಪರೇಷನ್ ಆದ್ಮೇಲೆ ಮನೆ ಬಿಕೋ ಅಂತಿತ್ತು, ಅದಕ್ಕೇ ಟಿವಿ ತಂದ್ವಿ. ಒಂದಿನ ನಾನು ಒಳಗಿದ್ದೆ. ಹಾಲ್‌ನಿಂದ ಇವರು ಹ್ಞಂ ಅಂದ ಹಾಗಾಯ್ತು. ಕೈಲಿದ್ದ ಪಾತ್ರೆ ಅಲ್ಲೇ ಬಿಟ್ಟು ಓಡಿಬಂದೆ. ನೋಡಿದ್ರೆ ಒಂಟೆ." ಅವರು ನಕ್ಕರು. "ಇವರು ಆವತ್ತೇ ಬರೆದು ತೋರ್ಸಿದ್ರು, ಇದು ಹಿಂದಿನ ಬೆಂಚಿನೋನು ಅಂತ. ಆ ದನಿ ಮಾಡೋನನ್ನ ನೋಡ್ಬೇಕು ಅಂತಾನೇ ನಾನೂ ಜೊತೇಲಿ ಬಂದೆ. ನಿಲ್ಲಿಸಿಬಿಟ್ರಾ?"

ಕಾಲಡಿಯ ನೆಲ ಬಾಯಿಬಿಡಲಿ ಎಂದು ಅವನು ಬಯಸಿದ. ಮೂರನೆಯ ಮಹಡಿಯ ನೆಲ ಬಾಯಿಬಿಟ್ಟರೆ ಎರಡನೆಯ ಮಹಡಿಯ ವಿಮಾ ಕಚೇರಿಯಲ್ಲಿ ಬೀಳುತ್ತಿದ್ದ, ಅಷ್ಟೆ. "ಇಲ್ಲಮ್ಮ, ನಿಲ್ಲಿಸಿಲ್ಲ. ಸಾರ್ ಬೇಜಾರು ಮಾಡ್ಕೋತಾರೆ ಅಂತ ಇವತ್ತು ನಾನೇ... ಸಾರ್, ತಪ್ಪಾಯ್ತು ಸಾರ್." ಮೇಷ್ಟ್ರು ಅವನನ್ನು ಮೂಗಿನ ತುದಿಯಿಂದ ನೋಡಿದರು. ಬೋರ್ಡಿನ ಮೇಲೆ ಬರೆದರು: ಹ್ಞಂ ಒಂಚೂರು ಜಾಸ್ತಿ. ಉಳಿದದ್ದು ಸರಿ. ಬದುಕಿಡೀ ಕಾದಿದ್ದ ಶಹಬ್ಬಾಸ್ ಹೀಗೆ, ಈ ವಿಷಯಕ್ಕೆ, ಈ ಅಕ್ಷರದಲ್ಲಿ ಬಂತು. ತೆಗೆದುಕೊಂಡು ಎಲ್ಲಿಡಬೇಕೋ ತಿಳಿಯದೆ ಅವನು ಹಲ್ಲು ಗಿಂಜಿದ.

"ಒಂದು ಕೇಳ್ಲಾ?" ಎಂದರು ಅಮ್ಮ. ಅಲ್ಲಿಯವರೆಗಿನ ಸಾದಾ ದನಿ ಈಗ ಸ್ವಲ್ಪ ಅಲುಗಿತು. "ಇವರು ಕಾಲೇಜು ಮುಗಿಸಿ ಬಂದಾಗ ಬಾಗಿಲಲ್ಲೇ ನಿಂತು 'ಇದೀಯೇನೇ?' ಅನ್ನೋರು. ಎಲ್ಲಿಗೆ ಹೋಗ್ತಿದ್ದೆ ನಾನು, ಇದ್ದೇ ಇರ್ತಿದ್ದೆ. ಆದ್ರೂ ದಿನಾ ಕೇಳೋರು. ಟಿವಿಲಿ ಎಲ್ಲಾ ಬಂತು, ಬೈಯೋದು, ಅಣಕಿಸೋದು, ಅದೊಂದು ಬರ್ಲಿಲ್ಲ. ಒಂದೇ ಸಲ ಅಂತೀಯಾ? ಅವರ ಹಾಗೆ?"

ಸೌಂಡಕ್ಕ ಆಗಲೇ ಗಾಜಿನ ಕೋಣೆಯ ಬಾಗಿಲು ತೆಗೆದಿದ್ದಳು. ಅವನು ಒಳಗೆ ಹೋಗಿ ಮೈಕಿನ ಮುಂದೆ ನಿಂತ. ಗಾಜಿನ ಆಚೆ ಅಮ್ಮ ಕುರ್ಚಿಯ ತುದಿಗೆ ಬಂದು, ಕಣ್ಣು ಮುಚ್ಚಿ ಕೂತರು. ಒಂದು ಪದ. ಬಾಳೆಹಣ್ಣಿನ ಸಿಪ್ಪೆಯಷ್ಟೂ ಕಷ್ಟವಲ್ಲ. "ಇದೀಯೇನೇ?" ಎಂದ. ಹಾಜರಿ ಕೂಗಿದ ಹಾಗಿತ್ತು. ಅಮ್ಮ ಕಣ್ಣು ತೆರೆದು, "ಹಾಗಲ್ಲಪ್ಪ, ಅದು ಕ್ಲಾಸಿನ ದನಿ," ಎಂದರು. ಮೆತ್ತಗೆ ಮಾಡಿ ಹೇಳಿದ. ಒಂಟೆ ವಿನಯದ ನಟನೆ ಮಾಡಿದ ಹಾಗಾಯಿತು. ದುಃಖ ಬೆರೆಸಿದ, ಅದು ಇನ್ನೂ ಅಸಹ್ಯ. ಮೇಷ್ಟ್ರು ಬೈದದ್ದೆಲ್ಲ ಅವನಿಗೆ ಅಕ್ಷರ ಬಿಡದೆ ಬರುತ್ತದೆ, ಯಾವ ಬೈಗುಳಕ್ಕೆ ಎಷ್ಟು ದವಡೆ ಎಂಬುದೂ ಗೊತ್ತು. ಅವರು ಮೆತ್ತಗೆ ಮಾತಾಡಿದ್ದೇ ಇಲ್ಲವೇ? ಮಾತಾಡಿದ್ದರು. ಕಾಲು ಮುರಿದುಕೊಂಡು ಹಾಸ್ಟೆಲಿನಲ್ಲಿ ಒಬ್ಬನೇ ಬಿದ್ದಿದ್ದಾಗ ಒಂದು ಮಧ್ಯಾಹ್ನ ಬಂದಿದ್ದರು, ಹಣ್ಣಿನ ಚೀಲ ಹಿಡಿದು. ಹಾಸಿಗೆಯ ಅಂಚಿನಲ್ಲಿ ಕೂತು ಏನೋ ಹೇಳಿದ್ದರು, ಕೈ ಮುಟ್ಟಿ. ಏನು ಹೇಳಿದರು? ಅವನಿಗೆ ಉಳಿದದ್ದು ಬಾಗಿಲಿನಿಂದ ಕತ್ತು ಮೊದಲು ಬಂದು ಮೈ ಆಮೇಲೆ ಬಂದದ್ದು ಮಾತ್ರ, ಯಾಕೆಂದರೆ ಸಂಜೆ ಗೆಳೆಯರಿಗೆ ಅಭಿನಯಿಸಿ ತೋರಿಸಿದ್ದು ಅದನ್ನು. ಎಷ್ಟು ಸಲ ತೋರಿಸಿದನೆಂದರೆ ಆ ಮಧ್ಯಾಹ್ನವೆಲ್ಲ ಸವೆದು ಕತ್ತೊಂದೇ ಉಳಿದಿತ್ತು. ಅವನಿಗೆ ಅಳು ಬಂತು. ಮೈಕು ತೆರೆದಿತ್ತು, ಆದ್ದರಿಂದ ಅದೂ ಕೇಳಿಸಿತು.

ಮೇಷ್ಟ್ರು ಎದ್ದು ಗಾಜಿನ ಹತ್ತಿರ ಬಂದರು. ಬೋರ್ಡು ಕುರ್ಚಿಯ ಮೇಲೇ ಇತ್ತು. ಅವನ ಮುಖದ ಎದುರಿಗೆ ನಿಂತು, ತುಟಿ ತೆರೆದು, ಆ ಪದವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ, ಸದ್ದಿಲ್ಲದೆ ಹೇಳಿ ತೋರಿಸಿದರು. ಮತ್ತೆ ತೋರಿಸಿದರು. ದಡ್ಡನಿಗೆ ಪಾಠ ಹೇಳುವಾಗ ಇವರ ಮುಖ ಹೀಗಿರುತ್ತದೆ ಎಂದು ಅವನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಅದರಲ್ಲಿ ಅಣಕ ಇರಲಿಲ್ಲ. ಅವರ ತುಟಿ ನೋಡಿಕೊಂಡು ಹೇಳಿದ. ಇಲ್ಲ, ಎಂದು ಅವರು ತಲೆಯಾಡಿಸಿದರು. ಮತ್ತೊಮ್ಮೆ. ಅಮ್ಮನಿಗೆ ಅವನ ಪಾಡು ನೋಡಲಾಗಲಿಲ್ಲವೇನೋ, "ಹ್ಞಾ, ಹಾಗೇನೇ, ಸರಿಯಾಯ್ತು ಬಿಡಪ್ಪ," ಎಂದರು. ಮನಸ್ಸಿಲ್ಲದ ನಗುವನ್ನು ನಿಜವಾದ ನಗುವಿನಿಂದ ಬೇರ್ಪಡಿಸುವುದೇ ಅವನ ದಿನದ ಕೆಲಸ. ಅಮ್ಮನ ಈ ಮೆಚ್ಚಿಗೆ ಕರುಣೆಯದು ಎಂದು ತಕ್ಷಣ ಗೊತ್ತಾಯಿತು.

"ಸರಿಯಾಗಿಲ್ಲಮ್ಮ. ಇನ್ನೊಂದ್ ಸಲ ಹೇಳ್ತೀನಿ," ಎಂದ, ತನ್ನದೇ ದನಿಯಲ್ಲಿ. "ನೀವು ಕಣ್ಣು ಮುಚ್ಬೇಡಿ. ಸಾರ್‌ನ ನೋಡ್ತಿರಿ. ಅವರು ತುಟಿ ಆಡಿಸ್ಲಿ, ನಾನು ಹಿಂದಿಂದ ದನಿ ಕೊಡ್ತೀನಿ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ತಿರುಗಿದ್ದರಿಂದ ಅವನಿಗೆ ಅವರ ತುಟಿ ಕಾಣದಾಯಿತು; ಕಾಣುತ್ತಿದ್ದದ್ದು ಕತ್ತಿನ ಹಿಂಭಾಗ, ಬಿಳಿ ಬಟ್ಟೆಯ ಗಂಟು. ಯಾವಾಗ ಹೇಳಬೇಕೋ ತಿಳಿಯದೆ ಅವನು ಮೈಕಿಗೆ ಬಾಯಿ ಹತ್ತಿರ ತಂದುಕೊಂಡು ಕಾದ. ಅಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು.

"ಹೂಂ, ಇದೀನಿ ಬನ್ನಿ," ಎಂದರು.

ಅವನು ಇನ್ನೂ ಬಾಯಿಯೇ ತೆರೆದಿರಲಿಲ್ಲ.